ಕೆಂಪು ದೀಪ ಮತ್ತು ಸರಸ್ವತಿಬಾಯಿಯ ಸಾರು

ಘಾಟ್ಕೋಪರಿನಿಂದ ಕಲ್ಯಾಣದವರೆಗೆ ಲೋಕಲ್ ನಿಲ್ಲುವ ಅಷ್ಟೂ ಸ್ಟೇಷನ್ನುಗಳಲ್ಲಿ ಇಳಿದು ಹುಡುಕಿದರೂ ಮಾತಿನಲ್ಲಿ ನನ್ನನ್ನು ಹಿಂದೆ ಹಾಕುವ ಹೆಂಗಸು ಸಿಗಲಾರಳು! ಕಲಿತದ್ದು ನಾಲ್ಕನೆಯ ಇಯತ್ತೆ. ಆದರೇನು? ಬೀಸುಕಲ್ಲಿನ ಮುಂದೆ ನನ್ನ ಅಜ್ಜಿ ಹೇಳಿದ ಕತೆಗಳು ಒಂದಕ್ಷರ ಬಿಡದೆ ನೆನಪಿವೆ. ಚಾಳಿನಲ್ಲಿದ್ದಾಗ ನಾನು ನಳದ ಹತ್ತಿರ ಕತೆ ಶುರು ಮಾಡಿದರೆ ಕೊಡ ತುಂಬಿ ಹರಿದರೂ ಯಾರೂ ಎತ್ತುತ್ತಿರಲಿಲ್ಲ. ಅಂಥ ಅಂಬವ್ವ ನಾನು, ಈ ಇಳಿವಯಸ್ಸಿನಲ್ಲಿ ಪಾಡ್‌ಕಾಸ್ಟ್ ಮಾಡಿಯೇ ತೀರುತ್ತೇನೆಂದು ಪಣ ತೊಟ್ಟೆ. ಆ ದಿನವೇ ಬಾಯಿಗೆ ಒಂದು ಬೀಗ ಹಾಕಿಕೊಂಡಿದ್ದರೆ ಇಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಇದನ್ನು ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ಪಾಡ್‌ಕಾಸ್ಟ್ ಎಂದರೆ ದೊಡ್ಡ ವಿದ್ಯೆಯೇನಲ್ಲ. ರೇಡಿಯೋ ಇದ್ದ ಹಾಗೆ. ಆದರೆ ರೇಡಿಯೋ ಸ್ಟೇಷನ್ ನಮ್ಮ ಮನೆಯ ಖೋಲಿಯಲ್ಲೇ ಇರುತ್ತದೆ, ಕೇಳುವವರು ತಮಗೆ ಪುರುಸೊತ್ತಾದಾಗ ಫೋನಿನಲ್ಲಿ ಕೇಳುತ್ತಾರೆ. ಈ ರೋಗವನ್ನು ನಮ್ಮ ಬಿಲ್ಡಿಂಗಿಗೆ ತಂದವರು ಎದುರು ಬಾಗಿಲಿನ ಸರಸ್ವತಿಬಾಯಿ. ಅವರು ಮೈಸೂರಿನ ಕಡೆಯವರು, ನಾನು ವಿಜಯಪುರದ ಕಡೆಯವಳು. ಅವರು ‘ಬನ್ನಿ’ ಎನ್ನುತ್ತಾರೆ, ನಾನು ‘ಬರ್ರಿ’ ಎನ್ನುತ್ತೇನೆ. ಇಬ್ಬರಿಗೂ ಬರುವುದು ಮಾತ್ರ ತಪ್ಪಿರಲಿಲ್ಲ. ನಮ್ಮ ಖೋಲಿಯ ಕಿಟಕಿಯಲ್ಲಿ ಕುಂಡದ ಕರಿಬೇವು ಇದೆ. ಅವರು ಒಗ್ಗರಣೆಗೆ ಅದನ್ನೇ ಕೀಳುತ್ತಾರೆ, ಪ್ರತಿಯಾಗಿ ಗುರುವಾರಕ್ಕೊಮ್ಮೆ ಡಬ್ಬಿಯಲ್ಲಿ ಸಾರು ಕೊಡುತ್ತಾರೆ. ಅವರ ಮಗ ವಿಕ್ರಂ ತಾಯಿಗೊಂದು ಮೈಕ್ ತಂದುಕೊಟ್ಟ. ಅವರು ವ್ರತದ ಕತೆ ಹೇಳತೊಡಗಿದರು. ಮಾಟುಂಗದ ನಮ್ಮ ಕನ್ನಡ ಸಂಘದ ಹೆಂಗಸರು ಮುಗಿಬಿದ್ದು ಕೇಳಿದರು. ಒಂದು ಅರಿಶಿನ ಕುಂಕುಮದ ದಿನ ನನ್ನ ಎದುರಿಗೇ ಒಬ್ಬಾಕೆ, “ನಿಮ್ಮ ದನಿ ಜೇನು, ಸರಸ್ವತಿಯವರೇ!” ಎಂದುಬಿಟ್ಟಳು.

ಜೇನಂತೆ! ಹಾಗಾದರೆ ನನ್ನದೇನು, ಬೇವಿನೆಣ್ಣೆಯೇ?

ಅಂದು ಸಂಜೆ ಸೊಸೆ ಆಫೀಸಿನಿಂದ ಬಂದು ಚಪ್ಪಲಿ ಬಿಡುವುದರೊಳಗೆ ಹಿಡಿದೆ.

“ವೈಶಾಲಿ, ನನಗೂ ಒಂದು ಪಾಡ್‌ಕಾಸ್ಟ್ ಬೇಕು.”

“ಅತ್ತಿ, ಅದು ಅಂಗಡ್ಯಾಗ ಸಿಗೂದಲ್ರಿ. ನಾವ ಮಾಡೂದು.”

“ಮಾಡಾಕ ಏನೇನ ಬೇಕು?”

“ಮೈಕ್ ಬೇಕು, ಹೆಡ್‌ಫೋನ್ ಬೇಕು, ಲ್ಯಾಪ್‌ಟಾಪಿಗೆ ಒಂದು ಸಾಫ್ಟ್‌ವೇರ್ ಬೇಕು, ಗದ್ದಲ ಇಲ್ಲದ ಖೋಲಿ ಬೇಕು. ಮತ್ತ ಹೇಳಾಕ ಏನರ ವಿಷಯ ಬೇಕ್ರಿ.”

“ವಿಷಯ ನನ್ನ ಗಂಟಲ ತನಾ ತುಂಬೇತಿ. ಉಳಿದದ್ದು ನೀ ನೋಡ್ಕೊ.”

ಟಿವಿಯಿಂದ ಕಣ್ಣು ತೆಗೆಯದೆಯೇ ಮಗ ಬಸು ಹೇಳಿದ: “ಯವ್ವಾ, ನಿನಗ್ಯಾಕ ಮೈಕು? ನೀ ಹಂಗ ಮಾತಾಡಿದ್ರೂ ಠಾಣೆ ತನಾ ಕೇಳತೈತಿ.”

ಹೆತ್ತವಳಿಗೆ ಹೀಗೆನ್ನುವ ಮಗನಿಗೆ ಉತ್ತರ ಕೊಡುವುದು ನನ್ನ ಘನತೆಗೆ ಕಡಿಮೆ! ಶನಿವಾರ ಸೊಸೆಯನ್ನು ಕರೆದುಕೊಂಡು ಗ್ರಾಂಟ್ ರೋಡಿನ ಎಲೆಕ್ಟ್ರಾನಿಕ್ ಅಂಗಡಿಗೆ ದಂಡಯಾತ್ರೆ ಹೊರಟೆ.

ಅಂಗಡಿಯ ಹಿತೇಶ್ ಭಾಯಿ ಗಾಜಿನ ಮೇಲೆ ಎರಡು ಮೈಕು ಇಟ್ಟ. ಒಂದು ಕರಿಯದು, ಬದನೆಕಾಯಿಯಂತೆ ಗಿಡ್ಡ. ಇನ್ನೊಂದು ಬೆಳ್ಳಿಯ ಬಣ್ಣದ್ದು, ಮದುವೆಯ ಲೋಟದಂತೆ ಮಿರಮಿರ. ಕರಿಯದಕ್ಕೆ ಬಾಯಿ ಹತ್ತಿರ ತಂದು ಮಾತಾಡಿದರಷ್ಟೇ ಕೇಳುತ್ತದಂತೆ, ದೂರದ ಸದ್ದು ಅದಕ್ಕೆ ಬೇಡ. ಬೆಳ್ಳಿಯದು ಖೋಲಿಯಲ್ಲಿ ಸೂಜಿ ಬಿದ್ದರೂ ಹಿಡಿಯುತ್ತದಂತೆ.

“ಮಾಜೀ, ಘರ್ ಕೇ ಲಿಯೇ ಕಾಲಾವಾಲಾ ಲೇ ಲೋ,” ಎಂದ ಹಿತೇಶ್. ಮನೆಗೆ ಕರಿಯದೇ ಸಾಕು, ಬೆಳ್ಳಿಯದು ಸದ್ದಡಗಿದ ಸ್ಟುಡಿಯೋ ಇದ್ದವರಿಗೆ ಎಂದು ಬಿಡಿಸಿ ಹೇಳಿದ.

“ಖರೇನ ಅತ್ತಿ,” ಎಂದಳು ವೈಶಾಲಿ. “ನಮ್ಮ ಮನ್ಯಾಗ ಕುಕ್ಕರು, ಬಾಗಿಲ ಬೆಲ್ಲು, ಕೆಳಗ ರಿಕ್ಷಾ. ಎಲ್ಲಾ ಅದರಾಗ ಬಂದು ಕುಂದರತೈತಿ.”

“ಬಾಯಿ ಹಚ್ಚಿದ್ರಷ್ಟ ಕೇಳೂ ಕಿವುಡ ಮೈಕು ನನಗ್ಯಾಕ? ರೊಕ್ಕಾ ಕೊಟ್ಟು ಕಿವುಡನ್ನ ಯಾರರ ಮನಿಗೆ ತರ್ತಾರನು? ಚುರುಕ ಇದ್ದದ್ದ ಕೊಡಂತ ಹೇಳು!”

ಬಂತು, ಚುರುಕಾದದ್ದೇ ಬಂತು. ಶನಿಯೂ ಹೀಗೆಯೇ ಮಿರಮಿರ ಹೊಳೆಯುತ್ತಾ ಮನೆಗೆ ಬರುತ್ತಾನೆಂದು ಯಾರು ಕಂಡಿದ್ದರು!

ಮೈಕಿನ ಮುಂದೆ ನಿಲ್ಲಿಸಲು ಬಟ್ಟೆ ಬಿಗಿದ ಒಂದು ಬಳೆಯನ್ನೂ ಹಿತೇಶ್ ತೋರಿಸಿದ್ದ. ‘ಪ’, ‘ಬ’ ಅನ್ನುವಾಗ ಬಾಯಿಂದ ಹೊರಡುವ ಗಾಳಿ ಮೈಕಿಗೆ ಬಡಿಯದಂತೆ ಅದು ತಡೆಯುತ್ತದಂತೆ. ನನಗೆ ನಗು ಬಂತು. ಇದು ನಮ್ಮ ಹಿಟ್ಟಿನ ಜರಡಿಯಲ್ಲವೇ! ಮನೆಗೆ ಬಂದು ನನ್ನ ಜರಡಿಯನ್ನೇ ಸ್ಟ್ಯಾಂಡಿಗೆ ಕಟ್ಟಿದೆ. ಮೊದಲ ‘ಪ’ಕಾರಕ್ಕೇ ಜರಡಿಯ ಸಂದಿಯಲ್ಲಿದ್ದ ಜೋಳದ ಹಿಟ್ಟೆಲ್ಲ ಹಾರಿ ಮೈಕಿಗೆ ವಿಭೂತಿ ಹಚ್ಚಿತು. ಸೊಸೆ ಒದ್ದೆ ಬಟ್ಟೆ ತಂದು ಒರೆಸಿದಳು, ಅಷ್ಟೇ. ಆ ‘ಅಷ್ಟೇ’ ಎಷ್ಟು ಜೋರಾಗಿ ಕೇಳಿಸಿತು ಗೊತ್ತೇ!

ಇನ್ನು ಖೋಲಿ. ಗೋಡೆಗೆ ದಪ್ಪ ಬಟ್ಟೆ ಬಿಟ್ಟರೆ ದನಿ ಅತ್ತಿತ್ತ ಬಡಿದು ತಿರುಗಿ ಬರುವುದಿಲ್ಲ ಎಂದು ವೈಶಾಲಿ ಎಲ್ಲೋ ಓದಿದ್ದಳು. ಸರಿ, ಹಳೆಯ ಸೀರೆಗಳಲ್ಲಿ ನಾನು ಹೊಲಿದಿಟ್ಟ ಕೌದಿಗಳೆಲ್ಲ ಕಪಾಟಿನಿಂದ ಹೊರಬಿದ್ದವು. “ಈ ಮುಂಬೈ ಸೆಕಿಯಾಗ ಇಷ್ಟ ಕೌದಿ ಯಾಕವ್ವ?” ಎಂದು ಹೀಯಾಳಿಸುತ್ತಿದ್ದ ಬಸುನೇ ಸ್ಟೂಲು ಹತ್ತಿ ಮೊಳೆ ಹೊಡೆದ! ಕಿಟಕಿಯ ಕರಿಬೇವಿನ ಕುಂಡವೊಂದನ್ನು ಬಿಟ್ಟು ಎಲ್ಲವೂ ಮುಚ್ಚಿತು. ನಮ್ಮವರ ಫೋಟೋ ಮುಚ್ಚಲು ಮಾತ್ರ ನಾನು ಬಿಡಲಿಲ್ಲ. ಅವರು ಹೋದ ಮೇಲೂ ನನ್ನ ದಿನದ ವರದಿ ಅವರಿಗೇ ಒಪ್ಪಿಸುವುದು. ಇದ್ದಾಗ ಅವರಿಗೆ ಕೇಳಲು ಪುರುಸೊತ್ತಿರಲಿಲ್ಲ, ಈಗ ಎದ್ದು ಹೋಗಲು ದಾರಿಯಿಲ್ಲ.

ನಮ್ಮವರು ರೈಲ್ವೆಯವರು. ಸಿಗ್ನಲ್ ಕ್ಯಾಬಿನ್ನಿನಲ್ಲಿ ಲಿವರು, ಅಂದರೆ ಸಿಗ್ನಲ್ ಬದಲಿಸುವ ಕಬ್ಬಿಣದ ಹಿಡಿಕೆ, ಎಳೆಯುವ ಕೆಲಸ. ಹೊಸದಾಗಿ ಮದುವೆಯಾಗಿ ಮುಂಬೈಗೆ ಬಂದಾಗ ಅವರು ನನ್ನನ್ನು ಪ್ಲ್ಯಾಟ್‌ಫಾರ್ಮಿನ ತುದಿಗೆ ಕರೆದುಕೊಂಡು ಹೋಗಿ, “ನೋಡು, ಕೆಂಪು ಅಂದ್ರ ನಿಂತೈತಿ. ಹಸರ ಅಂದ್ರ ನಡದೈತಿ. ಇಷ್ಟ ತಿಳಕೊಂಡ್ರ ಈ ಊರಾಗ ನೀ ಬದುಕತಿ,” ಎಂದಿದ್ದರು. ನಾನು ಬದುಕಿದೆ. ಆ ಮಾತಿನ ಮೇಲೆಯೇ ಬದುಕಿದೆ.

ಅದಕ್ಕೇ ಗುರುವಾರ ಬೆಳಿಗ್ಗೆ ವೈಶಾಲಿ ಡಬ್ಬಿ ಕಟ್ಟಿಕೊಳ್ಳುತ್ತ ಲ್ಯಾಪ್‌ಟಾಪ್ ತೋರಿಸಿದಾಗ ನಾನು ಅವಳನ್ನು ಪೂರ್ತಿ ಮಾತಾಡಲು ಬಿಡಲಿಲ್ಲ.

“ಅತ್ತಿ, ಇಲ್ಲಿ ಗುಂಡಕ ಐತೆಲ್ರಿ, ಅದನ್ನ ಒಮ್ಮಿ ಒತ್ತಿದ್ರ ಚಾಲೂ, ಮತ್ತೊಮ್ಮಿ ಒತ್ತಿದ್ರ ಬಂದ್. ಬಣ್ಣ ನೋಡ್ಕೋರಿ. ಹಸರ ಇದ್ದಾಗ...”

“ಬಣ್ಣದ ಮಾತು ನನಗ ಹೇಳಬ್ಯಾಡ! ಸಿಗ್ನಲ್ಲಿನವರ ಹೇಣತಿ ನಾ. ನಿನ್ನ ಲೋಕಲ್ ತಪ್ಪತೈತಿ, ನಡಿ!”

ಅವಳು ಹೋದಳು. ನಾನು ಹೆಡ್‌ಫೋನನ್ನು ಕಿರೀಟದಂತೆ ಧರಿಸಿದೆ. ಪರದೆಯ ಮೇಲೆ ಹಸಿರು ಗುಂಡು ಹೊಳೆಯುತ್ತಿತ್ತು. ಲೈನ್ ಕ್ಲಿಯರ್! ಮೊದಲು ಹೆಸರು ಹೇಳಬೇಕೆಂದು ಸೊಸೆ ತಿಳಿಸಿದ್ದಳು. ನನ್ನ ಹೆಸರಿನ ಜೊತೆ ಗಂಡನ ಹೆಸರು ಬರಬೇಕು. ನಮ್ಮ ಕಡೆ ಗಂಡನ ಹೆಸರನ್ನು ಒಡಪು ಕಟ್ಟದೆ ಬರಿಬಾಯಿಯಲ್ಲಿ ಹೇಳುವುದುಂಟೇ? ನಾನೇ ಕಟ್ಟಿದ್ದನ್ನು ರಾಗವಾಗಿ ಹೇಳಿದೆ:

“ಹಸರಿಗೆ ಹೋಗು, ಕೆಂಪಿಗೆ ನಿಲ್ಲು ಅಂದ್ರ ಕೇಳತೈತಿ ಗಾಡಿ,
ಶೆಟ್ಟೆಪ್ಪನವರ ಕೈಯಾಗ ಲಿವರು, ನನ್ನ ಕೈಯಾಗ ಅವರ ನಾಡಿ!”

ಆಮೇಲೆ ಅಜ್ಜಿಯ ಕತೆ ಎತ್ತಿಕೊಂಡೆ. ಏಳು ಮಂದಿ ಸೊಸೆಯರು, ಒಂದು ಮುದಿ ಎಮ್ಮೆ, ಮಾತಾಡುವ ಒನಕೆ. ಅಳುವ ಕಡೆ ಅತ್ತೆ, ನಗುವ ಕಡೆ ನಕ್ಕೆ, ಎಮ್ಮೆಯ ಕಡೆ ಎಮ್ಮೆಯಾದೆ. ಕತೆ ಮುಗಿದೊಡನೆ ಗುಂಡು ಒತ್ತಿದೆ. ಕೆಂಪಾಯಿತು. ನಿಂತಿತು ಎಂದು ಹೆಡ್‌ಫೋನ್ ತೆಗೆದು ನಮ್ಮವರ ಕಡೆ ತಿರುಗಿ, “ಹೆಂಗಾತ್ರಿ?” ಎಂದು ಕೇಳಿದೆ. ಸ್ವಲ್ಪ ಮನೆಮಾತು ಮಾತಾಡಿದೆ. ನಡುವೆ ಬೆಲ್ ಆಯಿತು, ಹೋಗಿ ಬಂದೆ. ಮತ್ತೆ ಒತ್ತಿದೆ. ಹಸಿರಾಯಿತು. ಇನ್ನೊಂದು ಕತೆ! ಮುಗಿಸಿ ಮತ್ತೆ ಒತ್ತಿದೆ. ಕೆಂಪು. ಅಡ್ಡಾದೆ.

ಸಂಜೆ ಬಂದ ವೈಶಾಲಿ ಹುಬ್ಬೇರಿಸಿದಳು. “ಅತ್ತಿ, ಇನ್ನೂ ಚಾಲೂನ ಬಿಟ್ಟೀರೆಲ್ರಿ?”

“ನಿನ್ನ ಕಣ್ಣ ತೋರಸ್ಕೊ. ಅದು ನಿಂತು ಭಾಳ ಹೊತ್ತಾತು.”

“ಕೇಳಿ ನೋಡ್ಲೇನ್ರಿ ಒಮ್ಮಿ?”

“ಬಿಲ್ಕುಲ್ ಬ್ಯಾಡ! ಮಾಟುಂಗಾದಾಗ ಎಲ್ಲಾರ ಜೋಡಿ ಕೇಳು. ಬಾಸಿಂಗ ಕಟ್ಟೂ ಮೊದಲ ಮದುಮಗಳ ಮಾರಿ ನೋಡಬಾರದು.”

ಆ ತಿಂಗಳ ಸಂಘದ ಮಹಿಳಾ ಸಭೆಯಲ್ಲಿ ನನ್ನ ಮೊದಲ ಕಂತನ್ನು ದೊಡ್ಡ ಸ್ಪೀಕರಿನಲ್ಲಿ ಕೇಳಿಸುವುದೆಂದು ಕಾರ್ಯದರ್ಶಿ ಸದಾನಂದರು ಒಪ್ಪಿದ್ದರು. ಒಪ್ಪಿಸಿದವರು ಯಾರು? ಸರಸ್ವತಿಬಾಯಿಯೇ! ಪಾಪ ವೈಶಾಲಿ, ಅವಳ ಆಫೀಸಿನಲ್ಲಿ ತಿಂಗಳ ಕೊನೆಯ ಗಡಿಬಿಡಿ. ರೆಕಾರ್ಡನ್ನು ಕೇಳದೆಯೇ ಸಾಫ್ಟ್‌ವೇರಿಗೆ ಒಪ್ಪಿಸಿದಳು. ಅದು ಮಹಾ ಚತುರ ಸಾಫ್ಟ್‌ವೇರು. ಖಾಲಿ ಇರುವ ಜಾಗವನ್ನೆಲ್ಲ ತಾನೇ ಕತ್ತರಿಸಿ ಎಸೆಯುತ್ತದೆ, ಸಣ್ಣ ದನಿಯನ್ನು ತಾನೇ ಎತ್ತಿ ಹಿಡಿಯುತ್ತದೆ, ಎಲ್ಲವನ್ನೂ ಹೂಮಾಲೆಯಂತೆ ಒಂದಕ್ಕೊಂದು ಪೋಣಿಸಿ ಕೊಡುತ್ತದೆ. ನನ್ನ ಮಾನ ತೆಗೆಯಲು ಅದು ಪಟ್ಟ ಶ್ರಮವನ್ನು ನೆನೆದರೆ ಈಗಲೂ ಅದಕ್ಕೊಂದು ಶಾಲು ಹೊದಿಸಬೇಕೆನಿಸುತ್ತದೆ!

ಸಭೆಯ ದಿನ. ನಾನು ಇಳಕಲ್ ಸೀರೆ ಉಟ್ಟಿದ್ದೆ. ಸರಸ್ವತಿಬಾಯಿ ಮುಂದಿನ ಸಾಲಿನಲ್ಲಿ ನನ್ನ ಕೈ ಹಿಡಿದು ಕುಳಿತಿದ್ದರು. “ಅಂಬವ್ವನವರೇ, ನಿಮಗಿಂತ ನನಗೇ ಜಾಸ್ತಿ ಎದೆ ಹೊಡ್ಕೋತಿದೆ ಕಣ್ರೀ,” ಎಂದರು. ಅಯ್ಯೋ, ಆ ಕೈ ಎಷ್ಟು ಬೆಚ್ಚಗಿತ್ತು!

ಸದಾನಂದರು ಹಿಂದಿನ ಮೇಜಿನಲ್ಲಿ ಗುಂಡಿ ಒತ್ತಿದರು. ಒಡಪು ಬರಲಿಲ್ಲ. ಏಳು ಸೊಸೆಯರು ಬರಲಿಲ್ಲ. ಎಮ್ಮೆಯೂ ಬರಲಿಲ್ಲ. ಬಂದದ್ದು ಇದು:

“ಹೆಂಗಾತ್ರಿ? ಆಕಿ ದನಿ ಜೇನಂತ! ಜೇನಲ್ಲ, ನೆಗಡಿ ಬಂದ ಬೆಕ್ಕಿನ ದನಿ.”

ಸಭೆ ನಕ್ಕಿತು. ಯಾರೋ ಕತೆಯೊಳಗಿನ ಸವತಿಯ ಮಾತಿರಬೇಕೆಂದುಕೊಂಡರು. ನನ್ನ ಬೆನ್ನಿನಲ್ಲಿ ಮಾತ್ರ ಬೆವರಿನ ಹನಿಯೊಂದು ಕಲ್ಯಾಣದ ಫಾಸ್ಟ್ ಲೋಕಲಿನಂತೆ ಇಳಿಯಿತು. ಸ್ಪೀಕರಿನಲ್ಲಿ ಬೆಲ್ ಬಾರಿಸಿತು. ಬಾಗಿಲು ತೆರೆದ ಸದ್ದು. ಹಿಂದೆಯೇ ನನ್ನ ಸಕ್ಕರೆ ಸುರಿವ ದನಿ: “ಅಯ್ಯ, ಬರ್ರಿ ಸರಸ್ವತಿಬಾಯಿ! ನಿಮ್ಮ ಸಾರಿನ ಘಮ ಲಿಫ್ಟಿನ ತನಾ ಬಂದೈತ್ರಿ!” ಬಾಗಿಲು ಮುಚ್ಚಿತು. ನಾನು ತಿರುಗಿ ಖೋಲಿಗೆ ಬರುವಷ್ಟು ಸಮಯವನ್ನು ಆ ಪುಣ್ಯಾತ್ಮ ಸಾಫ್ಟ್‌ವೇರು ಕತ್ತರಿಸಿಬಿಟ್ಟಿತ್ತು. ಉಸಿರೂ ಬಿಡದೆ ಮರುಕ್ಷಣವೇ:

“ನೋಡ್ರಿ, ಮತ್ತ ಬಂತು ಬೆಲ್ಲದ ನೀರು! ಇದಕ್ಕ ಸಾರಂತಾರ. ನಾಲ್ಕು ಎಳಿ ಶಾವಿಗಿ ಬಿಟ್ರ ಪಾಯಸ ಆಕ್ಕೈತಿ. ತಗೋಪಾ ಕರಿಬೇವು, ನಿನ್ನ ಪಾಲು ನೀ ಕುಡಿ.”

ಆಮೇಲೆ ಗುಳು, ಗುಳು, ಗುಳು! ಖೋಲಿಯಲ್ಲಿ ಸೂಜಿ ಬಿದ್ದರೂ ಹಿಡಿಯುವ ಮೈಕು. ಸಾರನ್ನು ಬಿಟ್ಟೀತೇ?

ನನ್ನ ಕೈಯಲ್ಲಿದ್ದ ಬೆಚ್ಚಗಿನ ಕೈ ಮೆಲ್ಲಗೆ ಜಾರಿತು. ನಾನು ಎದ್ದು ನಿಂತು ಹಿಂದೆ ತಿರುಗಿ ಎರಡೂ ಕೈ ಮೇಲೆತ್ತಿ ಸದಾನಂದರಿಗೆ ತೋರಿಸಿದೆ. ರೈಲ್ವೆಯಲ್ಲಿ ಎರಡು ಕೈ ಎತ್ತಿದರೆ ‘ಅಪಾಯ, ನಿಲ್ಲಿಸು’ ಎಂದು. ಮಾಟುಂಗದ ಸಭೆಯಲ್ಲಿ ಅದಕ್ಕೆ ‘ಇನ್ನೂ ಜೋರಾಗಿ’ ಎಂದಂತೆ! ಸದಾನಂದರು ನಗುತ್ತ ದನಿ ಏರಿಸಿದರು. ಗುಳುಗುಳು ಈಗ ಧಬಧಬೆಯಾಯಿತು. ಕೊನೆಗೆ ನಾನೇ ಕುರ್ಚಿಗಳ ನಡುವೆ ನುಗ್ಗಿ “ಬಂದ್ ಮಾಡ್ರೀ!” ಎಂದು ಕೂಗಿದೆ. ಅವರು ಗಾಬರಿಯಾಗಿ ಗುಂಡಿ ಒತ್ತುವಾಗ ಸ್ಪೀಕರು “ಆದ್ರ ಒಂದ ಮಾತ ಹೇಳತೇನಿ ನೋಡ್ರಿ...” ಎನ್ನುತ್ತಿತ್ತು. ಅಲ್ಲಿಗೆ ನಿಂತಿತು.

ತಿರುಗಿ ನೋಡಿದರೆ ಮುಂದಿನ ಸಾಲಿನ ಕುರ್ಚಿ ಖಾಲಿ.

ಮಾಟುಂಗದಿಂದ ಘಾಟ್ಕೋಪರಿಗೆ ನಾವಿಬ್ಬರೂ ಲೇಡೀಸ್ ಡಬ್ಬಿಯಲ್ಲಿ ಯಾವಾಗಲೂ ಜೊತೆಗೆ ಬರುವವರು. ಒಬ್ಬರಿಗೆ ಸೀಟು ಸಿಕ್ಕರೆ ಇನ್ನೊಬ್ಬರನ್ನು ತುದಿಗೆ ಒತ್ತರಿಸಿಕೊಳ್ಳುವವರು. ಆ ದಿನ ಪ್ಲ್ಯಾಟ್‌ಫಾರ್ಮಿನಲ್ಲಿ ಅವರು ನನ್ನನ್ನು ಕಂಡು ಹಿಂದಿನ ಡಬ್ಬಿಗೆ ಹೋದರು. ನನಗೆ ಕಿಟಕಿಯ ಸೀಟು ಸಿಕ್ಕಿತು. ಮುಂಬೈಯಲ್ಲಿ ಕಿಟಕಿಯ ಸೀಟು ಸಿಕ್ಕಿ ಅತ್ತ ಹೆಂಗಸು ನಾನೊಬ್ಬಳೇ ಇರಬೇಕು.

“ನಿಲ್ಲಾಕ ಹಸರ, ಹೋಗಾಕ ಕೆಂಪು! ಇದು ಯಾವ ಊರ ಸಿಗ್ನಲ್ಲು?” ಎಂದು ಮನೆಗೆ ಬಂದು ಸೊಸೆಯ ಮೇಲೆ ಹಾಯ್ದೆ.

“ಅದನ್ನ ಹೇಳಾಕ ಬಂದಿದ್ನಿ ಅತ್ತಿ. ನೀವ ‘ಲೋಕಲ್ ತಪ್ಪತೈತಿ, ನಡಿ’ ಅಂದ್ರಿ. ರೆಕಾರ್ಡ್ ಆಗುವಾಗ ಕೆಂಪ್ರಿ, ಎಲ್ಲಾ ಕಡೆ.”

ಬಸು ಟಿವಿಯ ದನಿ ತಗ್ಗಿಸಿದ. ಏನಾದರೂ ಅಂದಾನೆಂದು ಕಾದೆ. ಅನ್ನಲಿಲ್ಲ. ಮಗ ಹೀಯಾಳಿಸುವುದನ್ನೂ ಬಿಟ್ಟನೆಂದರೆ ನನ್ನ ಸ್ಥಿತಿ ಎಷ್ಟು ಕೆಟ್ಟಿರಬೇಕು!

ಗುರುವಾರ ಬಂತು, ಡಬ್ಬಿ ಬರಲಿಲ್ಲ. ಸರಸ್ವತಿಬಾಯಿ ಕೆಳಗೆ ಭಾಜಿಯವನ ಹತ್ತಿರ ಕರಿಬೇವು ಕೊಳ್ಳುವುದನ್ನು ಕಿಟಕಿಯಿಂದ ಕಂಡೆ. ನನ್ನ ಕುಂಡದ ಗಿಡ ಕೈಗೆಟುಕುವಷ್ಟು ಹತ್ತಿರದಲ್ಲೇ ಸೊಂಪಾಗಿ ನಿಂತಿರುವಾಗ! ಎಲೆ ಎಲೆಯೂ ನನ್ನನ್ನೇ ನೋಡಿ ‘ಥೂ’ ಎಂದಂತಾಯಿತು. ಎದುರು ಬಾಗಿಲಿನವರೆಗೆ ಹೋಗಿ ಬೆಲ್ಲಿನ ಮೇಲೆ ಬೆರಳಿಟ್ಟು, ಒತ್ತದೆ ತಿರುಗಿ ಬಂದೆ. ಹೋಗಿ ಏನು ಹೇಳಲಿ? ಏಳು ಸೊಸೆಯರ ಬಾಯಲ್ಲಿ ಮಾತು ತುಂಬಿದವಳಿಗೆ ತನ್ನ ಬಾಯಿಗೆ ಒಂದು ಮಾತು ಸಿಗಲಿಲ್ಲ.

ಭಾನುವಾರ ವೈಶಾಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಆ ದರಿದ್ರ ರೆಕಾರ್ಡನ್ನು ಕೊನೆಯವರೆಗೆ ಕೇಳುತ್ತಿದ್ದಳು. ಮೊದಲು ನಕ್ಕಳು, ಆಮೇಲೆ ಮೂಗು ಒರೆಸಿಕೊಂಡಳು.

“ಅತ್ತಿ, ಇದು ಸದಾನಂದ ಕಾಕಾರು ಬಂದ್ ಮಾಡಿದ ಮುಂದಿಂದು. ಕೇಳ್ರಿ.”

ನನ್ನದೇ ದನಿ, ಸಣ್ಣಗೆ: “ಆದ್ರ ಒಂದ ಮಾತ ಹೇಳತೇನಿ ನೋಡ್ರಿ. ನೀವು ಹೋದಾಗ ನನ್ನ ಗಂಟಲಾಗ ನೀರ ಇಳೀಲಿಲ್ಲ. ಆಕಿ ಬಂದು ಬಾಜೂಕ ಕುಂತು ಇದ ಸಾರು ಚಮಚೆಲೆ ಕುಡಿಸಿದ್ಲು. ಅವತ್ತ ಅದರಾಗ ಬೆಲ್ಲ ಇತ್ತೋ ಇಲ್ಲೋ ನನಗ ತಿಳೀಲಿಲ್ರಿ. ಆಕಿ ಮನಸ ಬೆಲ್ಲದ್ದು, ಕೈಯಾಗ ಇಳೀತೈತಿ, ಆಕಿನರ ಏನ ಮಾಡ್ಯಾಳು? ಮಾರಿ ಮ್ಯಾಲೆ ಹೆಂಗ ಹೇಳ್ಲಿ?”

“ಇದಿಷ್ಟ ಕತ್ತರಿಸಿ ಸರಸ್ವತಿ ಕಾಕೂರ ಫೋನಿಗೆ ಕಳಿಸೇನ್ರಿ. ನಿಮ್ಮ ಕೆಂಪು-ಹಸರಿನ ಗೊಂದಲಾನೂ ಹೇಳೇನ್ರಿ,” ಎಂದಳು ಸೊಸೆ.

“ಯಾರನ್ನ ಕೇಳಿ ಕಳಿಸಿದಿ?”

“ನಿಮ್ಮನ್ನ ಕೇಳಿದ್ರ ಪೂರಾ ಮಾತಾಡಾಕ ಬಿಡತಿದ್ದಿಲ್ಲ.”

ಸಂಜೆ ಬೆಲ್ ಆಯಿತು. ಸರಸ್ವತಿಬಾಯಿ! ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ಬಟ್ಟೆಯ ಚೀಲ. ‘ಬನ್ನಿ’ಯೂ ಇಲ್ಲ, ‘ಬರ್ರಿ’ಯೂ ಇಲ್ಲ. ನೇರ ಒಳಗೆ ಬಂದು ಚೀಲವನ್ನು ಮೇಜಿನ ಮೇಲಿಟ್ಟು ಕುಳಿತರು. ನಾನು ಕೈ ಮುಗಿದೆ. ಸೆರಗಿನಿಂದ ಕಣ್ಣೊರೆಸಿಕೊಂಡೆ.

“ಆಯ್ತು ಬಿಡಿ, ಕಣ್ಣೀರು ಆಮೇಲೆ,” ಎಂದರು. “ಮೊದಲು ಇದನ್ನ ನನ್ನೆದುರಿಗೇ ಕುಡೀರಿ. ಗಿಡಕ್ಕಲ್ಲ, ನಿಮಗೆ. ಒಂದು ಚೂರೂ ಬೆಲ್ಲ ಹಾಕಿಲ್ಲ.”

ಲೋಟ ತುಂಬಾ ಬಗ್ಗಿಸಿದರು. ನಾನು ಅಪರಾಧಿಯಂತೆ ಎರಡೂ ಕೈಯಲ್ಲಿ ಹಿಡಿದು ಒಂದು ಗುಟುಕು ಕುಡಿದೆ. ಶಿವನೇ! ಹುಣಸೆಹುಳಿ ನಾಲಗೆಗೆ ಬಾರಿಸಿತು, ಖಾರ ನೆತ್ತಿಗೇರಿತು, ಕಣ್ಣು ತಾನಾಗಿ ಮುಚ್ಚಿತು. ಇನ್ನೊಂದು ಗುಟುಕು ಕುಡಿದೆ. ಏನೋ ಇಲ್ಲ. ಇಷ್ಟು ವರ್ಷ ಗುರುವಾರವೆಂದರೆ ನನಗೆ ಗೊತ್ತಾಗುತ್ತಿದ್ದದ್ದೇ ಯಾವುದರಿಂದಲೋ, ಅದು ಇಲ್ಲ. ಗಿಡಕ್ಕೆ ಹಾಕುವ ಮೊದಲು ಪ್ರತಿಸಲ ಬೆರಳದ್ದಿ ನೆಕ್ಕುತ್ತಿದ್ದೆನಲ್ಲ, ಆ ರುಚಿ!

“ಹೇಗಿದೆ?”

“ಛಲೋ... ಛಲೋ ಐತ್ರಿ.”

“ನಿಜ ಹೇಳಿ.”

“ಸರಸ್ವತಿಬಾಯಿ... ಒಂದೀಟ... ಬೆಲ್ಲ ಹಾಕೂಣೇನ್ರಿ?”

“ಏನಂದ್ರಿ? ಕೇಳಿಸ್ಲಿಲ್ಲ. ಸ್ವಲ್ಪ ಜೋರಾಗಿ ಹೇಳಿ.”

“ಬೆಲ್ಲ ಬೇಕ್ರೀ ಯವ್ವಾ! ಬೆಲ್ಲ ಇಲ್ದ ನಿಮ್ಮ ಸಾರು ಗಂಟಲಾಗ ಇಳ್ಯಾಣಿಲ್ಲ!”

ಅವರ ಮುಖ ಮಾಟುಂಗದ ದೀಪಾವಳಿಯಂತೆ ಬೆಳಗಿತು. ಚೀಲಕ್ಕೆ ಕೈ ಹಾಕಿ ಮೊದಲೇ ತಂದಿದ್ದ ಬೆಲ್ಲದ ಉಂಡೆಯೊಂದನ್ನು ತೆಗೆದು ಲೋಟದ ಪಕ್ಕ ಇಟ್ಟರು. ಅದರ ಹಿಂದೆ ಇನ್ನೊಂದು ವಸ್ತು ತೆಗೆದರು. ಕರಿಯದು, ಗಿಡ್ಡದು. ವಿಕ್ರಂ ತಂದುಕೊಟ್ಟಿದ್ದ ಮೈಕು, ಅದರ ತಂತಿಯ ತುದಿಗೆ ಅವರ ಫೋನು! ಅದರ ನೆತ್ತಿಯಲ್ಲಿ ಸಾಸಿವೆಯಷ್ಟು ಒಂದು ದೀಪ, ಕುಂಕುಮದಂತೆ ಉರಿಯುತ್ತಿತ್ತು.

ನಾನು ಲೋಟವನ್ನು ಮೇಜಿನ ಮೇಲಿಟ್ಟೆ. “ಇದು... ಕೆಂಪ...”

“ಗಾಬರಿಯಾಗ್ಬೇಡಿ, ಅಂಬವ್ವನವರೇ,” ಎಂದು ಸರಸ್ವತಿಬಾಯಿ ಜೇನಿನಂಥ ದನಿಯಲ್ಲಿ ನನ್ನ ಕೈ ತಟ್ಟಿದರು. “ಕೆಂಪು ಅಂದ್ರೆ ನಿಂತಿದೆ ಅಂತ ತಾನೇ?”